ನಿಗುಲಿಸ್ತೆ ಯಾರದ್ದೇ ಆಗಲಿ, ಅಲ್ಲಿರುವುದು ಅಲ್ಲೇ ಇರಲಿ

ಇವರಿಗೆ,
ಮಾನ್ಯ ಸಂಸ್ಕೃತಿ ಸಚಿವರು, ಎಸ್ಟೋನಿಯಾ ಗಣರಾಜ್ಯ
ಮತ್ತು
ಪೂಜ್ಯ ಆರ್ಚ್‌ಬಿಷಪ್, ಎಸ್ಟೋನಿಯಾದ ಇವಾಂಜೆಲಿಕಲ್ ಲುಥೆರನ್ ಚರ್ಚ್
ತಾಲಿನ್

ವಿಷಯ: ನಿಗುಲಿಸ್ತೆ ಚರ್ಚ್ ಕಟ್ಟಡದ ಮುಂದಿನ ದಿನಗಳ ಬಗ್ಗೆ

ಮಾನ್ಯರೇ,

ನಿಗುಲಿಸ್ತೆ ಚರ್ಚ್ ಈಗ ಮ್ಯೂಸಿಯಂ ಆಗಿದೆ. ಅದು ಯಾರದ್ದು ಅಂತ ಸರ್ಕಾರ ಮತ್ತು ಲುಥೆರನ್ ಚರ್ಚಿನ ನಡುವೆ ಜಗಳವಿದೆ. ಅದರ ಬಗ್ಗೆ ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದಿದ್ದರೆ ಒಬ್ಬೊಬ್ಬರಿಗೂ ಹಿತವಾಗುವ ಮಾತು ಬರೆಯುವುದು ಸುಲಭವಿತ್ತು. ಸಚಿವರ ಪತ್ರದಲ್ಲಿ ಮ್ಯೂಸಿಯಂ ಹೊಗಳಬಹುದಿತ್ತು, ಆರ್ಚ್‌ಬಿಷಪ್ ಅವರ ಪತ್ರದಲ್ಲಿ ಆರಾಧನೆಯ ಮಹತ್ವ ಹೇಳಬಹುದಿತ್ತು. ನನಗೆ ಎರಡೂ ಮಾತು ಒಟ್ಟಿಗೆ ಹೇಳಬೇಕಾಗಿದೆ, ಮತ್ತು ನೀವಿಬ್ಬರೂ ಅದನ್ನು ಒಟ್ಟಿಗೆ ಕೇಳಬೇಕು.

ನಾನು ಕರ್ನಾಟಕದವನು. ಕೆಲಸಕ್ಕೆಂದು ಎಸ್ಟೋನಿಯಾದ ರಾಜಧಾನಿ ತಾಲಿನ್‌ಗೆ ಬಂದು ಇಲ್ಲೇ ಉಳಿದವನು. ಲುಥೆರನ್ ಅಲ್ಲ, ಕ್ರೈಸ್ತನೂ ಅಲ್ಲ. ಇದರಲ್ಲಿ ನಿನಗೇನು ಕೆಲಸ ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ. ಈ ಊರಿನಲ್ಲಿ ತೆರಿಗೆ ಕಟ್ಟುತ್ತೇನೆ, ನನ್ನ ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಾರೆ, ವಾರದ ಕೊನೆಗೆ ನಿಗುಲಿಸ್ತೆಯಲ್ಲಿ ಆರ್ಗನ್ ವಾದ್ಯ ಕೇಳಲು ಹೋಗಿ ಕೂರುತ್ತೇನೆ. ಅಷ್ಟೇ ನನ್ನ ಹಕ್ಕು. ಇದನ್ನು ಕನ್ನಡದಲ್ಲಿ ಬರೆಯಲೂ ಕಾರಣವಿದೆ. ಓದಲು, ದುಡಿಯಲು ಈ ದೇಶಕ್ಕೆ ಬರುವ ಕನ್ನಡದವರು ಈಗ ಇದ್ದಾರೆ. ಹಳೇ ಊರಿನ ಬೀದಿಗಳಲ್ಲಿ ಓಡಾಡುತ್ತಾರೆ, ಗೋಪುರ ನೋಡಿ ಮುಂದೆ ಹೋಗುತ್ತಾರೆ. ಆ ಗೋಪುರದ ಕೆಳಗೆ ಏನಿದೆ, ಅದರ ಬಗ್ಗೆ ಯಾಕೆ ಜಗಳ ನಡೆಯುತ್ತಿದೆ ಅಂತ ಅವರಿಗೂ ಗೊತ್ತಾಗಲಿ. ನಿಮ್ಮ ಕಚೇರಿಗಳಿಗೆ ಇದರ ಎಸ್ಟೋನಿಯನ್ ಪ್ರತಿ ಬೇರೆಯಾಗಿ ಕಳಿಸುತ್ತಿದ್ದೇನೆ.

ಮೊದಲು ಸಂಗತಿ ಏನೆಂದು ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಆದರೆ ಓದುವ ಉಳಿದವರಿಗೆ ಗೊತ್ತಿರಬೇಕಲ್ವಾ.

ನಿಗುಲಿಸ್ತೆ ಅಂದರೆ ಸಂತ ನಿಕೋಲಸನ ಚರ್ಚ್. ನಿಕೋಲಸ್ ಹಡಗಿನವರ, ವ್ಯಾಪಾರಿಗಳ ಸಂತ. 13ನೇ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಜರ್ಮನ್ ವ್ಯಾಪಾರಿಗಳು ಇದನ್ನು ಕಟ್ಟಿಸಿದರು. ಆಗ ಕೆಳಗಿನ ಊರಿಗೆ ಪೂರ್ತಿ ಕೋಟೆಗೋಡೆ ಇರಲಿಲ್ಲ. ಅದಕ್ಕೇ ಚರ್ಚನ್ನೇ ಗಟ್ಟಿಮುಟ್ಟಾಗಿ, ಶತ್ರು ಬಂದರೆ ಒಳಗೆ ಸೇರಿಕೊಂಡು ಕಾದಾಡುವ ಹಾಗೆ ಕಟ್ಟಿದರು. 15ನೇ ಶತಮಾನದಲ್ಲಿ ನಡುವಿನ ಭಾಗ ಎತ್ತರಿಸಿ ದೊಡ್ಡದು ಮಾಡಿದರು. ಈಗ ಗೋಪುರದ ತುದಿ ನೆಲದಿಂದ 105 ಮೀಟರ್ ಮೇಲಿದೆ.

1524ರ ಸೆಪ್ಟೆಂಬರ್‌ನಲ್ಲಿ ಕ್ಯಾಥೊಲಿಕ್ ಚರ್ಚಿನ ಪದ್ಧತಿಗಳನ್ನು ವಿರೋಧಿಸಿದ ಜರ್ಮನಿಯ ಮಾರ್ಟಿನ್ ಲೂಥರ್‌ನ ಸುಧಾರಣೆಯ ಬಿಸಿ ಈ ಊರಿಗೂ ತಟ್ಟಿತು. ಜನ ಗುಂಪು ಕಟ್ಟಿ ಚರ್ಚುಗಳಿಗೆ ನುಗ್ಗಿ ಸಂತರ ಮೂರ್ತಿ, ಚಿತ್ರ ಒಡೆದು ಹಾಕಿದರು. ನಿಗುಲಿಸ್ತೆಗೂ ಬಂದರು. ಆದರೆ ಚರ್ಚಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು ಮೊದಲೇ ಬಾಗಿಲುಗಳ ಬೀಗಕ್ಕೆ ಕರಗಿಸಿದ ಸೀಸ ಹೊಯ್ಯಿಸಿಬಿಟ್ಟಿದ್ದ. ಕೀಲಿ ಹಾಕಿದರೂ ತೆಗೆಯುವ ಹಾಗಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮ ಕಡೆ ಗಾದೆ ಇದೆ. ಇಲ್ಲಿ ಒಬ್ಬ ಮನುಷ್ಯ ಕೊಳ್ಳೆಗೆ ಮೊದಲೇ ಬಾಗಿಲು ಹಾಕಿದ. ಅವನಿಂದಾಗಿ ಒಳಗಿನದು ಉಳಿಯಿತು.

ಉಳಿದದ್ದು ಏನು? ಮುಖ್ಯವಾಗಿ ಕಲಾವಿದ ಹೆರ್ಮೆನ್ ರೋಡೆಯ ಆಲ್ಟರ್. ಬಲಿಪೀಠದ ಹಿಂದೆ ನಿಲ್ಲುವ, ಎರಡು ಜೊತೆ ಮಡಚುವ ಬಾಗಿಲುಗಳಿರುವ ಮರದ ಕೆಲಸ. ಜರ್ಮನಿಯ ಲ್ಯೂಬೆಕ್ ಊರಿನ ರೋಡೆಯ ಕಾರ್ಖಾನೆಯಲ್ಲಿ 1478ರಿಂದ 1481ರ ನಡುವೆ ತಯಾರಾಯಿತು. ಪೂರ್ತಿ ತೆರೆದರೆ ಬಣ್ಣ, ಚಿನ್ನ ಹಚ್ಚಿದ ಸಂತರ ಮರದ ಮೂರ್ತಿಗಳು ಸಾಲಾಗಿ ನಿಂತಿರುತ್ತವೆ. ಒಂದು ಜೊತೆ ಬಾಗಿಲು ಮುಚ್ಚಿದರೆ ಸಂತ ನಿಕೋಲಸ್, ಸಂತ ವಿಕ್ಟರ್ ಅವರ ಕಥೆ ಚಿತ್ರಗಳಲ್ಲಿ ಕಾಣುತ್ತದೆ. ನಾನು ಇದರ ಮುಂದೆ ತುಂಬಾ ಹೊತ್ತು ನಿಂತಿದ್ದೇನೆ. ಮೂರ್ತಿಗಳ ಬಟ್ಟೆಯ ನೆರಿಗೆಯ ಒಳಮಡಿಕೆಗೂ ಬಣ್ಣ ಹಚ್ಚಿದ್ದಾರೆ. ಕೆಳಗೆ ನಿಂತು ನೋಡುವವರಿಗೆ ಆ ಮಡಿಕೆ ಕಾಣುವುದೇ ಇಲ್ಲ. ಆದರೂ ಹಚ್ಚಿದ್ದಾರೆ.

ಈಗ ಒಂದು ವಿಷಯ ಗಮನಿಸಿ. ಈ ಆಲ್ಟರ್ ಕ್ಯಾಥೊಲಿಕ್ ಕಾಲದ್ದು. ಸಂತರಿಂದ ತುಂಬಿರುವುದು. 1524ರ ನಂತರ ಚರ್ಚ್ ಲೂಥರನ ಅನುಯಾಯಿಗಳಾದ ಲುಥೆರನ್ನರದ್ದಾಯಿತು. ಸಂತರ ಪೂಜೆಯನ್ನು ಒಪ್ಪದ ಸಭೆ (ಅಂದರೆ ಒಂದು ಚರ್ಚಿನ ವಿಶ್ವಾಸಿಗಳ ಸಮುದಾಯ) ಅದು. ಆದರೂ ಅವರು ಈ ಆಲ್ಟರನ್ನು ಕಿತ್ತು ಹಾಕಲಿಲ್ಲ, ಮಾರಲಿಲ್ಲ. 400 ವರ್ಷಕ್ಕೂ ಮೇಲೆ ತಮ್ಮ ಆರಾಧನೆಯ ಜಾಗದಲ್ಲೇ ಇಟ್ಟುಕೊಂಡು ಕಾಪಾಡಿದರು. ತಮ್ಮದಲ್ಲದ ನಂಬಿಕೆಯ ವಸ್ತುವನ್ನು ತಮ್ಮ ಮನೆಯಲ್ಲಿ ಜೋಪಾನ ಮಾಡಿದರು. ಪೂಜ್ಯ ಆರ್ಚ್‌ಬಿಷಪ್ ಅವರೇ, ನಿಮ್ಮ ಸಭೆಯ ಹಿರಿಯರು ಮಾಡಿದ ಕೆಲಸಗಳಲ್ಲಿ ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆ ಸಭೆಯ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಲೇಬೇಕು. 1535ರಲ್ಲಿ ನಿಗುಲಿಸ್ತೆಯ ಪಾದ್ರಿ ಸೈಮನ್ ವಾನ್ರಾಟ್ ಬರೆದ ಧರ್ಮಬೋಧೆಯ ಪುಸ್ತಕವನ್ನು, ಹತ್ತಿರದ ಪವಿತ್ರಾತ್ಮ ಚರ್ಚಿನ ಪಾದ್ರಿ ಯೋಹಾನ್ ಕೋಲ್ ಎಸ್ಟೋನಿಯನ್ ಭಾಷೆಗೆ ತಂದ. ಅಚ್ಚಾದದ್ದು ಲೂಥರ್‌ನ ಊರು ವಿಟೆನ್‌ಬರ್ಗ್‌ನಲ್ಲಿ. ಎಸ್ಟೋನಿಯನ್ ಭಾಷೆಯಲ್ಲಿ ಅಚ್ಚಾಗಿ ಇವತ್ತಿಗೂ ಸ್ವಲ್ಪವಾದರೂ ಉಳಿದಿರುವ ಪುಸ್ತಕಗಳಲ್ಲಿ ಅದೇ ಹಳೆಯದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದನ್ನು ಶಾಲೆಯಲ್ಲಿ ಓದಿ ಬೆಳೆದ ನನಗೆ ಈ ಕಥೆ ತುಂಬಾ ಹತ್ತಿರದ್ದು ಅನ್ನಿಸಿತು. ಹಾಗಾಗಿ ಸಚಿವರಿಗೆ ಒಂದು ಮಾತು: ನಿಗುಲಿಸ್ತೆಯಲ್ಲಿ ಲುಥೆರನ್ನರ ಪಾಲು ಅಂದರೆ ಬರೀ ಆಸ್ತಿಯ ಪಾಲಲ್ಲ. ಈ ದೇಶದ ಭಾಷೆ ಪುಸ್ತಕಕ್ಕೆ ಇಳಿದ ದಾರಿ ಈ ಚರ್ಚಿನ ಅಂಗಳದಿಂದ ಹಾದು ಹೋಗಿದೆ.

ಇನ್ನು ಕಲಾವಿದ ಬೆರ್ಂಟ್ ನೊಟ್ಕೆಯ ಸಾವಿನ ಕುಣಿತದ ಚಿತ್ರ. ಮ್ಯೂಸಿಯಂಗೆ ಬರುವವರಲ್ಲಿ ಬಹಳ ಜನ ಇದನ್ನೇ ನೋಡಲು ಬರುತ್ತಾರೆ. 15ನೇ ಶತಮಾನದ ಕೊನೆಯದು, ಬಟ್ಟೆಯ ಮೇಲೆ ಬರೆದದ್ದು. ಮೊದಲು ಬಹಳ ಉದ್ದವಿತ್ತು, ಈಗ ಉಳಿದಿರುವುದು ಏಳೂವರೆ ಮೀಟರ್ ತುಂಡು ಮಾತ್ರ. ಎಡಗಡೆ ಒಬ್ಬ ಉಪದೇಶಿ ಪ್ರಸಂಗ ಮಾಡುತ್ತಿದ್ದಾನೆ. ಅವನ ಪಕ್ಕದಲ್ಲಿ ಅಸ್ಥಿಪಂಜರವೊಂದು ಕೂತು ಚೀಲದ ಕೊಳವೆ ವಾದ್ಯ ಊದುತ್ತಿದೆ. ಇನ್ನೊಂದು ಹೆಗಲ ಮೇಲೆ ಶವಪೆಟ್ಟಿಗೆ ಹೊತ್ತು ಕುಣಿಯುತ್ತಿದೆ. ಆಮೇಲೆ ಸಾಲು ಶುರು. ಪೋಪ್, ಚಕ್ರವರ್ತಿ, ಮಹಾರಾಣಿ, ಕಾರ್ಡಿನಲ್, ರಾಜ. ಒಬ್ಬೊಬ್ಬರ ನಡುವೆಯೂ ಒಂದು ಸಾವು ಕೈ ಹಿಡಿದು ಎಳೆಯುತ್ತಿದೆ. ದೊಡ್ಡವರ ಮೈಮೇಲೆ ಭಾರದ ಜರತಾರಿ ಬಟ್ಟೆ, ಕಾಲು ಎತ್ತಲಾಗದೆ ನಿಂತಿದ್ದಾರೆ. ಸಾವುಗಳು ಮಾತ್ರ ಹಗುರಾಗಿ ಹೆಜ್ಜೆ ಹಾಕುತ್ತಿವೆ. ಕೆಳಗೆ ಹಳೇ ಉತ್ತರ ಜರ್ಮನ್ ಭಾಷೆಯಲ್ಲಿ ಪದ್ಯ. ಸಾವು ಕರೆಯುತ್ತದೆ, ದೊಡ್ಡವರು ಇನ್ನೂ ಸ್ವಲ್ಪ ದಿನ ಬಿಡು ಅಂತ ಬೇಡುತ್ತಾರೆ.

ನೊಟ್ಕೆ ಇಂಥದೇ ಚಿತ್ರವನ್ನು ಲ್ಯೂಬೆಕ್‌ನ ಸಂತ ಮೇರಿ ಚರ್ಚಿಗೂ ಬರೆದಿದ್ದ. ಅದರ ಹಳೇ ಬಟ್ಟೆ ಹಾಳಾದಾಗ 1701ರಲ್ಲಿ ಅದನ್ನೇ ನಕಲು ಮಾಡಿ ಹಾಕಿದ್ದರು. 1942ರಲ್ಲಿ ಲ್ಯೂಬೆಕ್ ಮೇಲೆ ಬಾಂಬ್ ಬಿದ್ದಾಗ ಆ ನಕಲೂ ಸುಟ್ಟುಹೋಯಿತು. ಈಗ ನೊಟ್ಕೆಯ ಕುಣಿತ ನೋಡಬೇಕಾದರೆ ತಾಲಿನ್‌ಗೇ ಬರಬೇಕು.

ತಾಲಿನ್‌ನ ತುಂಡೂ ಸುಮ್ನೆ ಉಳಿಯಲಿಲ್ಲ. 1944ರ ಮಾರ್ಚ್ 9ರ ರಾತ್ರಿ ಸೋವಿಯತ್ ವಿಮಾನಗಳು ಈ ಊರಿನ ಮೇಲೆ ಬಾಂಬ್ ಸುರಿದವು. ನಿಗುಲಿಸ್ತೆಯ ಪಕ್ಕದ ಹಾರ್ಯು ಬೀದಿ ನೆಲಸಮವಾಯಿತು. ಚರ್ಚ್ ಹೊತ್ತಿ ಉರಿಯಿತು, ಗೋಡೆಗಳು ಮಾತ್ರ ನಿಂತವು. ಆದರೆ ಬೆಲೆಬಾಳುವ ಕಲಾಕೃತಿಗಳಲ್ಲಿ ಹೆಚ್ಚಿನದನ್ನು ಅಷ್ಟರಲ್ಲೇ ಬೇರೆಡೆ ಸಾಗಿಸಿದ್ದರು. 1524ರಲ್ಲಿ ಬೀಗಕ್ಕೆ ಸೀಸ ಹೊಯ್ದವನ ಕೆಲಸವನ್ನೇ ಈ ಸಲ ಬೇರೆ ಯಾರೋ ಮಾಡಿದರು.

ಆಮೇಲೆ ಏನಾಯಿತು ಅನ್ನುವುದರಲ್ಲೇ ಈಗಿನ ಜಗಳದ ಬೇರು ಇದೆ. ಸಭೆಗೆ ಅದರ ಚರ್ಚ್ ವಾಪಸ್ ಸಿಗಲಿಲ್ಲ. ಸೋವಿಯತ್ ಆಡಳಿತದಲ್ಲಿ ಚರ್ಚುಗಳ ಆಸ್ತಿ ಸರ್ಕಾರದ್ದಾಗಿತ್ತು. 1953ರಿಂದ ದುರಸ್ತಿ ಕೆಲಸ ಶುರುವಾಯಿತು, ಸುಮಾರು 30 ವರ್ಷ ಎಳೆಯಿತು. ಮುಗಿಯುವ ಹೊತ್ತಿಗೆ, 1982ರಲ್ಲಿ, ಗೋಪುರಕ್ಕೆ ಮತ್ತೆ ಬೆಂಕಿ ಬಿತ್ತು. ಅದನ್ನೂ ಸರಿಪಡಿಸಿ 1984ರಲ್ಲಿ ಮ್ಯೂಸಿಯಂ ಮತ್ತು ಸಂಗೀತ ಸಭಾಂಗಣವಾಗಿ ಬಾಗಿಲು ತೆರೆದರು. ಈಗ ಅದು ಎಸ್ಟೋನಿಯಾ ಕಲಾ ಮ್ಯೂಸಿಯಂನ ಒಂದು ಶಾಖೆ.

ಈ ಊರಲ್ಲೇ ಓಲೆವಿಸ್ತೆ ಚರ್ಚಿನ ಕಥೆ ಬೇರೆ. ಅದೂ ಲುಥೆರನ್ನರದ್ದೇ ಆಗಿತ್ತು. 1950ರಿಂದ ಬ್ಯಾಪ್ಟಿಸ್ಟ್ ಮುಂತಾದ ಬೇರೆ ಪಂಗಡಗಳ ವಿಶ್ವಾಸಿಗಳ ಕೈಗೆ ಹೋಯಿತು, ಇವತ್ತಿಗೂ ಅಲ್ಲಿ ಅವರ ಆರಾಧನೆ ನಡೆಯುತ್ತದೆ. ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲುಥೆರನ್ನರ ಸಂತ ಪೀಟರ್ ಚರ್ಚನ್ನು ಸೋವಿಯತ್ ಕಾಲದಲ್ಲಿ ಈಜುಕೊಳ ಮಾಡಿಬಿಟ್ಟರು. ಪ್ರಸಂಗ ನಡೆಯುತ್ತಿದ್ದ ಜಾಗದಲ್ಲಿ ಜನ ನೀರಿಗೆ ಜಿಗಿಯುತ್ತಿದ್ದರು. ಅಂಥದ್ದಕ್ಕೆ ಹೋಲಿಸಿದರೆ ನಿಗುಲಿಸ್ತೆ ಅದೃಷ್ಟವಂತ. ಅದನ್ನು ಕಟ್ಟಿ ನಿಲ್ಲಿಸಿದವರು ದೇವರನ್ನು ಒಪ್ಪದ ಆಡಳಿತದ ಸಂಬಳ ತೆಗೆದುಕೊಂಡ ಕೆಲಸಗಾರರು. ಆದರೂ ಕಲ್ಲನ್ನು ಕಲ್ಲಿನ ಮೇಲೆ ಶ್ರದ್ಧೆಯಿಂದ ಇಟ್ಟರು. ಲುಥೆರನ್ನರು ಕ್ಯಾಥೊಲಿಕ್ಕರ ಆಲ್ಟರ್ ಕಾದರು, ಇವರು ಲುಥೆರನ್ನರ ಚರ್ಚ್ ಕಟ್ಟಿದರು. ನಿಗುಲಿಸ್ತೆ ಇವತ್ತು ನಿಂತಿರುವುದೇ ತಮ್ಮದಲ್ಲದ್ದನ್ನು ಕಾಪಾಡಿದವರಿಂದ. ನನ್ನ ಪತ್ರದ ಮುಖ್ಯ ಮಾತು ಇದೇ. ಮುಂದೆ ಕೇಳುವ ಎಲ್ಲವೂ ಇದರಿಂದಲೇ ಬರುತ್ತದೆ.

1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು. ಅಂದಿನಿಂದ ಈ ಕಟ್ಟಡ ಯಾರದ್ದು ಅನ್ನುವ ಮಾತು ಸರ್ಕಾರ ಮತ್ತು ಚರ್ಚಿನ ನಡುವೆ ಎದ್ದು, ತಣ್ಣಗಾಗಿ, ಮತ್ತೆ ಎದ್ದು ಬರುತ್ತಲೇ ಇದೆ. ವಾಪಸ್ ಕೊಡಿ ಅಂತ ಒಂದು ಕಡೆ. ಇಲ್ಲಿರುವ ಕಲೆ ಮ್ಯೂಸಿಯಂನಲ್ಲೇ ಇರಬೇಕು ಅಂತ ಇನ್ನೊಂದು ಕಡೆ. ಪರಿಹಾರದ ಹಣದ ಮಾತೂ ನಡುನಡುವೆ ಬರುತ್ತದೆ. ಎಷ್ಟೋ ಸಚಿವರು ಬದಲಾದರು. ಹೊಸಬರು ಬಂದಾಗಲೆಲ್ಲ ಮಾತುಕತೆ ಮೊದಲಿನಿಂದ ಶುರುವಾದ ಹಾಗೆ ನನ್ನಂಥ ಹೊರಗಿನವನಿಗೆ ಕಾಣುತ್ತದೆ.

ಮಾನ್ಯರೇ, ನನ್ನ ದೂರು ಇದು. ಈ ಮಾತುಕತೆಯಲ್ಲಿ ಎರಡೂ ಕಡೆಯವರು ಮಾತಾಡುವುದು ಕಟ್ಟಡದ ಬಗ್ಗೆ, ಹಕ್ಕುಪತ್ರದ ಬಗ್ಗೆ, ಹಣದ ಬಗ್ಗೆ. ಒಳಗಿರುವ ರೋಡೆಯ ಆಲ್ಟರ್ ಬಗ್ಗೆ, ನೊಟ್ಕೆಯ ಚಿತ್ರದ ಬಗ್ಗೆ, ಅಲ್ಲಿ ಬಂದು ಕೂರುವ ಜನರ ಬಗ್ಗೆ ಮಾತು ಬರುವಾಗ ಒಂದೋ ಹೆದರಿಸಲು ಬರುತ್ತದೆ, ಇಲ್ಲವೇ ಹಕ್ಕು ಸಾಧಿಸಲು. ಇತ್ಯರ್ಥವಾದ ದಿನ ಈ ವಸ್ತುಗಳ ಗತಿ ಏನು ಅಂತ ಇವತ್ತಿನ ತನಕ ಸಾಮಾನ್ಯ ಜನಕ್ಕೆ ಅರ್ಥವಾಗುವ ಹಾಗೆ ಯಾರೂ ಹೇಳಿಲ್ಲ. ಚರ್ಚಿನ ಕೈಗೆ ಹೋದರೆ ಆಲ್ಟರ್ ಅಲ್ಲೇ ಇರುತ್ತದಾ, ಬೇರೆ ಮ್ಯೂಸಿಯಂಗೆ ಹೋಗುತ್ತದಾ? ಸರ್ಕಾರದ ಕೈಯಲ್ಲೇ ಉಳಿದರೆ ಸಭೆಯವರು ತಮ್ಮ ಹಿರಿಯರ ಚರ್ಚಿನಲ್ಲಿ ಎಂದಾದರೂ ಆರಾಧನೆ ಮಾಡಬಹುದಾ, ಮಾಡಿದರೆ ಅದು ಯಾರ ದಯೆಯಿಂದ? ಇಂಥ ಸರಳ ಪ್ರಶ್ನೆಗಳಿಗೆ ಸರಳ ಉತ್ತರ ಬೇಕು.

ಒಳಗೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಚಳಿಗಾಲದ ಒಂದು ಮಧ್ಯಾಹ್ನ. ರೋಡೆಯ ಆಲ್ಟರ್ ಮುಂದೆ ಒಬ್ಬ ವಯಸ್ಸಾದ ಹೆಂಗಸು ಉಣ್ಣೆಯ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು, ಕಣ್ಣು ಮುಚ್ಚಿರಲಿಲ್ಲ. ಹಿಂದಿನಿಂದ ಶಾಲೆಯ ಮಕ್ಕಳ ಗುಂಪು ಬಂತು. ಮೇಷ್ಟರು ಅವರನ್ನು ನೋಡಿ ಮಕ್ಕಳನ್ನು ಅಲ್ಲೇ ನಿಲ್ಲಿಸಿದರು. ಅಲ್ಲಿನ ಕಾವಲಿನವರೂ ಏನೂ ಹೇಳಲಿಲ್ಲ, ದೂರದಲ್ಲಿ ಸುಮ್ಮನೆ ನಿಂತಿದ್ದರು. ಅವರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಮುಂದೆ ಬಂದರು, ಮೇಷ್ಟರು ಸಂತ ನಿಕೋಲಸನ ಕಥೆ ಹೇಳಿದರು. ಆ ಹೆಂಗಸೂ ಒಂದು ಬದಿಗೆ ನಿಂತು ಕೇಳಿಸಿಕೊಂಡರು. ಪ್ರಾರ್ಥನೆ ಮತ್ತು ಪಾಠ ಒಂದೇ ಜಾಗದಲ್ಲಿ, ಒಂದರ ಬೆನ್ನಿಗೆ ಒಂದು ನಡೆಯಿತು. ಯಾರಿಗೂ ಏನೂ ಕಷ್ಟವಾಗಲಿಲ್ಲ. ಕಾನೂನಿನ ಕಾಗದದಲ್ಲಿ ಇಷ್ಟು ವರ್ಷ ಆಗದ ಕೆಲಸವನ್ನು ಅಲ್ಲಿದ್ದವರು ತಾವೇ ಮಾಡಿಕೊಂಡರು.

ಇದು ಕೈಲಾಗದ ಮಾತಲ್ಲ ಅನ್ನಲು ನಿಮ್ಮ ಊರಿನಲ್ಲೇ ಸಾಕ್ಷಿ ಇದೆ. ನಿಗುಲಿಸ್ತೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪವಿತ್ರಾತ್ಮ ಚರ್ಚ್ ಇದೆ. ಅಲ್ಲಿರುವ ಆಲ್ಟರ್ ಕೂಡ ನೊಟ್ಕೆಯದೇ, 1483ರದ್ದು. ಅದು ಇವತ್ತಿಗೂ ನಡೆಯುತ್ತಿರುವ ಲುಥೆರನ್ ಚರ್ಚ್. ಸಭೆ ಆರಾಧನೆ ಮಾಡುತ್ತದೆ, ಉಳಿದ ಹೊತ್ತಿನಲ್ಲಿ ಪ್ರವಾಸಿಗರು ಬಂದು ಆಲ್ಟರ್ ನೋಡುತ್ತಾರೆ. ಹೀಗಾಗಿ ಚರ್ಚಿನ ಕೈಯಲ್ಲಿ ಕಲೆ ಉಳಿಯುವುದೇ ಇಲ್ಲ ಅನ್ನುವ ವಾದ ನಿಲ್ಲುವುದಿಲ್ಲ. ಮ್ಯೂಸಿಯಂ ಆದರೆ ಪ್ರಾರ್ಥನೆಗೆ ಜಾಗವೇ ಇರುವುದಿಲ್ಲ ಅನ್ನುವ ವಾದವೂ ನಿಲ್ಲುವುದಿಲ್ಲ, ಆ ಚಳಿಗಾಲದ ಮಧ್ಯಾಹ್ನವೇ ಅದಕ್ಕೆ ಉತ್ತರ.

ಆದರೆ ಎರಡೂ ಕಟ್ಟಡ ಒಂದೇ ಅಲ್ಲ, ಇದನ್ನೂ ಒಪ್ಪಬೇಕು. ನಿಗುಲಿಸ್ತೆಯಲ್ಲಿ ಒಂದಲ್ಲ, ಹತ್ತಾರು ಬೆಲೆಕಟ್ಟಲಾಗದ ಕೆಲಸಗಳಿವೆ. ಬಣ್ಣ ಹಚ್ಚಿದ ಮರ ಹವಾಮಾನಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಳಿಯ ತೇವ ಏರುಪೇರಾದರೆ ಬಣ್ಣದ ಪದರ ಏಳುತ್ತದೆ, ಉದುರುತ್ತದೆ. ಈ ದೇಶದ ಚಳಿಗಾಲದಲ್ಲಿ ಹೊರಗೆ ಮೈನಸ್ 15, ಒಳಗೆ ಬಿಸಿ ಮಾಡಿದ ಒಣ ಗಾಳಿ. ನೂರಾರು ಜನ ಹಿಮ ಮೆತ್ತಿದ ಕೋಟು ಹಾಕಿಕೊಂಡು ಒಳಗೆ ಬಂದರೆ ಗಾಳಿ ಒಂದೇ ಸಲ ತೇವವಾಗುತ್ತದೆ. ರೋಡೆಯ ಆಲ್ಟರನ್ನು ಪರಿಣತರು ವರ್ಷಗಟ್ಟಲೆ ಕೂತು ಪದರ ಪದರವಾಗಿ ಪರೀಕ್ಷೆ ಮಾಡಿದ್ದಾರೆ. ಆ ಕೆಲಸ ಗೊತ್ತಿರುವವರು, ಅದನ್ನೇ ವೃತ್ತಿ ಮಾಡಿಕೊಂಡವರು ಮ್ಯೂಸಿಯಂನಲ್ಲಿ ಇದ್ದಾರೆ. ಪೂಜ್ಯ ಆರ್ಚ್‌ಬಿಷಪ್ ಅವರೇ, ನಾಳೆ ಬೀಗದ ಕೈ ನಿಮ್ಮ ಕೈಗೆ ಬಂದರೂ ಈ ಜನರಿಲ್ಲದೆ ಆ ಮನೆ ನಡೆಸುವುದು ಕಷ್ಟ. ಅವರನ್ನು ಬಾಡಿಗೆದಾರರಂತೆ ನೋಡಬೇಡಿ. 1984ರಿಂದ ಆ ಮನೆಯನ್ನು ಕಾಯುತ್ತಿರುವವರು ಅವರು.

ಮಾನ್ಯ ಸಚಿವರೇ, ನಿಮಗೂ ಇಷ್ಟೇ ನೇರವಾಗಿ ಹೇಳುತ್ತೇನೆ. ಆ ಸಭೆ ಚರ್ಚನ್ನು ಮಾರಿರಲಿಲ್ಲ, ಬಿಟ್ಟೂ ಹೋಗಿರಲಿಲ್ಲ. ಬಾಂಬ್ ಬಿತ್ತು, ಆಮೇಲೆ ಪರದೇಶದ ಆಡಳಿತ ತನ್ನದು ಅಂದಿತು. ಅದೇ ಆಡಳಿತ ಕಿತ್ತುಕೊಂಡ ಹೊಲ, ಮನೆಗಳನ್ನು ಸ್ವತಂತ್ರ ಎಸ್ಟೋನಿಯಾ ಎಷ್ಟೋ ಜನರಿಗೆ ವಾಪಸ್ ಕೊಟ್ಟಿತು. ಚರ್ಚಿನವರು ನಮ್ಮದು ಎಲ್ಲಿ ಅಂತ ಕೇಳುವುದರಲ್ಲಿ ದುರಾಸೆ ಇಲ್ಲ. ನೆಲದಲ್ಲಿ, ಗೋಡೆಯಲ್ಲಿ ಸಮಾಧಿ ಕಲ್ಲುಗಳಿವೆ. ಅವರ ಹಿರಿಯರು ಅಲ್ಲೇ ಮಲಗಿದ್ದಾರೆ. (ದ್ಯೂಕ್ ದ ಕ್ರೋಯ್ ಎಂಬ ಸೇನಾಪತಿಯ ಕಥೆಯೂ ಇಲ್ಲಿನದೇ. 1702ರಲ್ಲಿ ಸಾಲ ತೀರಿಸದೆ ಸತ್ತ. ಸಾಲ ಕೊಟ್ಟವರು ಮಣ್ಣು ಮಾಡಲು ಬಿಡಲಿಲ್ಲ. ಹೆಣ ಒಣಗಿ ಹಾಗೇ ಉಳಿಯಿತು, ಜನ ಬಂದು ನೋಡುತ್ತಿದ್ದರು. ಅವನಿಗೆ ಮಣ್ಣು ಸಿಕ್ಕಿದ್ದು 1897ರಲ್ಲಿ. ಹಳೇ ಲೆಕ್ಕ ಚುಕ್ತಾ ಮಾಡದೆ ಬಿಟ್ಟರೆ ಎಷ್ಟು ಕಾಲ ಎಳೆಯುತ್ತದೆ ಅನ್ನುವುದು ಈ ಕಟ್ಟಡಕ್ಕೆ ಚೆನ್ನಾಗಿ ಗೊತ್ತು.) ಮ್ಯೂಸಿಯಂ ಚೆನ್ನಾಗಿ ನಡೆಯುತ್ತಿದೆ ಅನ್ನುವುದು ನಿಜ. ಆದರೆ ಚೆನ್ನಾಗಿ ನಡೆಯುವುದು ಬೇರೆ, ನ್ಯಾಯ ಕೊಡುವುದು ಬೇರೆ.

ಹಾಗಾದರೆ ನಾನು ಕೇಳುವುದೇನು?

ಎಲ್ಲಕ್ಕಿಂತ ಮೊದಲು, ಕಟ್ಟಡ ಯಾರ ಹೆಸರಿಗೆ ಹೋಗಲಿ, ರೋಡೆಯ ಆಲ್ಟರ್, ನೊಟ್ಕೆಯ ಚಿತ್ರ, ಸಮಾಧಿ ಕಲ್ಲುಗಳು, ಉಳಿದ ಹಳೇ ಕೆಲಸಗಳು ನಿಗುಲಿಸ್ತೆ ಬಿಟ್ಟು ಹೋಗುವುದಿಲ್ಲ ಅಂತ ಇಬ್ಬರೂ ಸೇರಿ ಬರೆದುಕೊಡಿ. ಮಾಲೀಕತ್ವದ ತೀರ್ಮಾನ ಆಗುವ ತನಕ ಕಾಯಬೇಡಿ, ಇದನ್ನು ಮೊದಲು ಮಾಡಿ. ಸಂತ ನಿಕೋಲಸನ ಆಲ್ಟರ್ ಸಂತ ನಿಕೋಲಸನ ಚರ್ಚಿಗೆಂದೇ ಮಾಡಿಸಿದ್ದು. ಬೇರೆ ಕಟ್ಟಡದ ಬಿಳಿ ಗೋಡೆಗೆ ಒರಗಿಸಿದರೂ ಅದು ಸುಂದರವಾಗಿಯೇ ಇರುತ್ತದೆ. ಆದರೆ ಅದರ ಅಳತೆ, ಎತ್ತರ, ಅದರ ಮೇಲೆ ಬೀಳುವ ಬೆಳಕು ಎಲ್ಲವೂ ಆ ಕಮಾನುಗಳ ಲೆಕ್ಕಕ್ಕೆ ಹೊಂದಿಕೊಂಡಿವೆ. ಅಲ್ಲಿಂದ ತೆಗೆದರೆ ಚರ್ಚೂ ಖಾಲಿ, ಆಲ್ಟರೂ ಅನಾಥ.

ಆಮೇಲೆ ಆರಾಧನೆ. ಸಭೆಯವರಿಗೆ ಪ್ರಾರ್ಥನೆ ಮಾಡಲು ಯಾರೋ ಅನುಮತಿ ಕೊಡುವ ಏರ್ಪಾಡು ಬೇಡ. ಕ್ರಿಸ್‌ಮಸ್, ಈಸ್ಟರ್, ಸಂತ ನಿಕೋಲಸನ ಹಬ್ಬ, ಮಾರ್ಚ್ 9ರ ನೆನಪಿನ ದಿನ, ಜೊತೆಗೆ ವಾರದಲ್ಲಿ ಒಂದು ಬೆಳಗ್ಗೆ, ಹಕ್ಕಾಗಿ ಇರಲಿ. ಆ ಹೊತ್ತಿಗೆ ಟಿಕೆಟ್ ಬೇಡ. ಎಷ್ಟು ಜನ, ಎಷ್ಟು ಮೇಣದಬತ್ತಿ, ಎಷ್ಟು ಬಿಸಿ ಅನ್ನುವುದನ್ನು ಮ್ಯೂಸಿಯಂನ ಪರಿಣತರು ಹೇಳಲಿ, ಸಭೆ ಅದನ್ನು ಒಪ್ಪಿ ನಡೆಯಲಿ. ಇದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಸಂಗೀತ ನಿಲ್ಲಬಾರದು. ಇದನ್ನು ನನ್ನ ಸ್ವಂತ ಆಸೆ ಅಂತಲೇ ತಿಳಿಯಿರಿ. ಆರ್ಗನ್ನಿನ ಕೆಳಸ್ವರ ಶುರುವಾದಾಗ ಕೂತ ಕುರ್ಚಿಯ ಮರ ಸಣ್ಣಗೆ ನಡುಗುತ್ತದೆ, ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತದೆ. ಸ್ವರ ನಿಂತ ಮೇಲೂ ಮೇಲಿನ ಕಮಾನಿನಲ್ಲಿ ಅದು ಸ್ವಲ್ಪ ಹೊತ್ತು ಉಳಿದುಕೊಂಡಿರುತ್ತದೆ. ಪಾಶ್ಚಾತ್ಯ ಸಂಗೀತದ ಗಂಧ ಗಾಳಿ ಇಲ್ಲದೆ ಬಂದ ನನ್ನಂಥವನನ್ನು ಹಿಡಿದು ಕೂರಿಸಿದ್ದು ಆ ಜಾಗ. ಜರ್ಮನಿಯ ಸಂಗೀತಗಾರ ಬಾಖ್‌ನ ಸಂಗೀತ ಲುಥೆರನ್ ಆರಾಧನೆಯಿಂದಲೇ ಹುಟ್ಟಿದ್ದು. ಆ ಕಟ್ಟಡದಲ್ಲಿ ಅದನ್ನು ನುಡಿಸುವಾಗ ಇದು ಕಛೇರಿಯೋ ಆರಾಧನೆಯೋ ಅಂತ ಗೆರೆ ಎಳೆಯುವುದು ಕಷ್ಟ. ಎಳೆಯುವ ಅಗತ್ಯವೂ ಇಲ್ಲ.

ಹಾಗೇ ಏನು ನಡೆಯಬಾರದು ಅನ್ನುವುದನ್ನೂ ಈಗಲೇ ಬರೆದಿಡಿ. ಯಾರೇ ಮಾಲೀಕರಾದರೂ ಖರ್ಚು ತೂಗಿಸುವ ಕಷ್ಟ ಇದ್ದೇ ಇರುತ್ತದೆ. ಕಂಪನಿ ಔತಣ, ಮದುವೆ ಪಾರ್ಟಿ, ಜಾಹೀರಾತಿನ ಶೂಟಿಂಗ್ ಇಂಥವುಗಳಿಂದ ದುಡ್ಡು ಬರುತ್ತದೆ ಅನ್ನುವ ಆಸೆ ಯಾವತ್ತೋ ಒಂದು ದಿನ ಹುಟ್ಟಬಹುದು. ಸಮಾಧಿ ಕಲ್ಲಿನ ಮೇಲೆ ಊಟದ ಮೇಜು ಹಾಕುವ ದಿನ ಬರಬಾರದು. ಯುರೋಪಿನಲ್ಲಿ ಚರ್ಚುಗಳು ರೆಸ್ಟೋರೆಂಟ್, ಹೋಟೆಲ್ ಆಗುತ್ತಿರುವುದನ್ನು ನೋಡುತ್ತಿದ್ದೇವೆ. ಬೀಳುವ ಕಟ್ಟಡ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಅದಕ್ಕೂ ಸರಿ ಅನ್ನಬಹುದೇನೋ. ನಿಗುಲಿಸ್ತೆಗೆ ಅಂಥ ಗತಿ ಬಂದಿಲ್ಲ.

ಗೋಪುರಕ್ಕೆ ಲಿಫ್ಟ್ ಬಂದಿರುವುದು ಸಂತೋಷ. ವಯಸ್ಸಾದವರೂ ಮೇಲೆ ಹೋಗಿ ಊರು, ಸಮುದ್ರ ನೋಡಬಹುದು. ಆದರೆ ಮೇಲೆ ಹೋಗಿ ಫೋಟೋ ತೆಗೆದು, ಕೆಳಗೆ ಬಂದು ನೊಟ್ಕೆಯ ಮುಂದೆ ಅರ್ಧ ನಿಮಿಷವೂ ನಿಲ್ಲದೆ ಹೊರಡುವವರು ಜಾಸ್ತಿಯಾಗುತ್ತಿದ್ದಾರೆ. ಅದರಲ್ಲಿ ನಮ್ಮ ದೇಶದವರೂ ಇದ್ದಾರೆ. ಕನ್ನಡದ ಗೆಳೆಯರೇ, ಈ ಒಂದು ಸಾಲು ನಿಮಗೆ: ಅಲ್ಲಿಗೆ ಹೋದರೆ ಕೆಳಗೂ ಒಂದು ಗಂಟೆ ಕೊಡಿ. ಸಾವಿನ ಕುಣಿತದ ಮುಂದೆ ನಿಂತು ರೀಲ್ಸ್ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಪ್ರಾರ್ಥನೆ ಮಾಡುತ್ತಿದ್ದರೆ ದನಿ ತಗ್ಗಿಸಿ.

ಕೊನೆಯದಾಗಿ, ಈ ಮಾತುಕತೆಯನ್ನು ಮುಚ್ಚಿದ ಬಾಗಿಲ ಹಿಂದೆ ಮುಗಿಸಬೇಡಿ. ಇದುವರೆಗೆ ಏನು ಒಪ್ಪಿಗೆಯಾಗಿದೆ, ಎಲ್ಲಿ ತಡೆ ಬಿದ್ದಿದೆ, ಪರಿಹಾರದ ಹಣದ ಲೆಕ್ಕ ಏನು ಅನ್ನುವುದನ್ನು ಜನರ ಮುಂದೆ ಇಡಿ. ಮಾಲೀಕತ್ವದ ತೀರ್ಮಾನಕ್ಕೆ ಇನ್ನೂ ಸಮಯ ಹಿಡಿಯುವುದಾದರೆ ಹಿಡಿಯಲಿ. ಅಷ್ಟರೊಳಗೆ ಸಚಿವಾಲಯ, ಚರ್ಚ್, ಮ್ಯೂಸಿಯಂ ಮೂವರೂ ಕೂತು ಕಲಾಕೃತಿಗಳು ಅಲ್ಲೇ ಉಳಿಯುವ ಬಗ್ಗೆ, ಆರಾಧನೆಯ ದಿನಗಳ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಮನಸ್ಸು ಮಾಡಿದರೆ ಸಾಕು.

ಈ ಪತ್ರಕ್ಕೆ ನಿಮ್ಮಿಬ್ಬರಿಂದಲೂ ಬಹಿರಂಗವಾಗಿಯೇ ಉತ್ತರ ಬರಲಿ ಅಂತ ಕೇಳಿಕೊಳ್ಳುತ್ತೇನೆ. ಈ ಮಾತುಕತೆಗೆ ನನ್ನನ್ನು ಕರೆಯಬೇಕಿಲ್ಲ. ಆದರೆ ಈ ಊರಿನವರನ್ನು ಕರೆಯಿರಿ, ನಿಗುಲಿಸ್ತೆಯಲ್ಲೇ ಕರೆಯಿರಿ.

ಗೌರವದಿಂದ,
ತಾಲಿನ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ